ದುಬೈಗೆ ನೇರ ವಿಮಾನ ಎಲ್ಲಿಂದ? ಗೂಗಲ್ ಫ್ಲೈಟ್ಸೋ, ಫ್ಲೈಟ್‌ಕನೆಕ್ಷನ್ಸೋ?

ಕಾಸರಗೋಡಿನವರಿಗೆ ಮಂಗಳೂರೂ ಹತ್ತಿರ, ಕಣ್ಣೂರೂ ದೂರವಲ್ಲ. ಎಲ್ಲೆಲ್ಲಿಂದ ನಡುವೆ ಇಳಿಯದ ವಿಮಾನ ಇದೆ ಅಂತ ಮೊದಲೇ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ, ಅಲ್ವಾ?

ಇನ್ನೂ ತಾರೀಖು ಗೊತ್ತಿಲ್ಲದಿದ್ದರೆ, ವಿಮಾನ ಮಾರ್ಗಗಳನ್ನು ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ಕನೆಕ್ಷನ್ಸ್ ಅನ್ನೋ ಸೈಟ್ ಒಳ್ಳೆಯದು. ದುಬೈ ವಿಮಾನ ನಿಲ್ದಾಣದ ಕೋಡ್ ಡಿಎಕ್ಸ್‌ಬಿ (DXB) ಹಾಕಿದರೆ ಸಾಕು, ನೇರ ಹಾರಾಟವಿರುವ ಊರುಗಳಿಗೆಲ್ಲ ನಕ್ಷೆಯಲ್ಲಿ ಗೆರೆ ಬರುತ್ತದೆ. ಆದರೆ ಗೆರೆ ಇದ್ದ ಮಾತ್ರಕ್ಕೆ ದಿನಾ ವಿಮಾನ ಇದೆ ಅಂತಲ್ಲ. ವಾರಕ್ಕೆ ಎರಡೇ ಇರಬಹುದು.

ತಾರೀಖು ಗೊತ್ತಿದ್ದರೆ ನನ್ನ ಆಯ್ಕೆ ಗೂಗಲ್‌ನ ವಿಮಾನ ಹುಡುಕುವ ಸೈಟ್ ಗೂಗಲ್ ಫ್ಲೈಟ್ಸ್. ಹೊರಡುವ ಜಾಗದಲ್ಲಿ ಮಂಗಳೂರು, ಕಣ್ಣೂರು, ಕೋಝಿಕ್ಕೋಡ್, ಬೆಂಗಳೂರು ಎಲ್ಲವನ್ನೂ ಒಟ್ಟಿಗೆ ಹಾಕಬಹುದು. ಆಮೇಲೆ ‘ಸ್ಟಾಪ್ಸ್’ ಒತ್ತಿ ‘ನಾನ್‌ಸ್ಟಾಪ್ ಓನ್ಲಿ’ ಆರಿಸಿ. ಆ ದಿನದ ನೇರ ವಿಮಾನಗಳು, ಸಮಯ, ದರ ಒಂದೇ ಪಟ್ಟಿಯಲ್ಲಿ ಬರುತ್ತವೆ. ಏನೂ ಕಾಣದಿದ್ದರೆ ಮಾರ್ಗವೇ ಇಲ್ಲ ಅಂದುಕೊಳ್ಳಬೇಡಿ, ಹಿಂದೆ ಮುಂದಿನ ದಿನಗಳನ್ನೂ ನೋಡಿ.

ವಿಕಿಪೀಡಿಯದ ವಿಮಾನ ನಿಲ್ದಾಣದ ಪುಟದಲ್ಲೂ ಪಟ್ಟಿ ಇರುತ್ತದೆ. ಸೀಸನ್‌ಗೆ ಮಾತ್ರ ಹಾರುವ ಮಾರ್ಗ ಯಾವುದು ಅಂತ ಅಲ್ಲಿ ಬೇಗ ತಿಳಿಯುತ್ತದೆ, ಆದರೆ ಅದನ್ನೊಂದನ್ನೇ ನಂಬಿ ಟಿಕೆಟ್ ಮಾಡಬೇಡಿ. ದುಡ್ಡು ಕಟ್ಟುವ ಮುಂಚೆ ವಿಮಾನ ಕಂಪನಿಯ ಸೈಟ್‌ನಲ್ಲೇ ಒಮ್ಮೆ ನೋಡಿಬಿಡಿ.