ಖಚಿತ ದರ್ಶನದ ಹೈಡ್‌, ‘ಸುಧಾರಿಸಿದ’ ಚಿತ್ರ: ಮುಂಗಡ ಕೊಡುವ ಮುನ್ನ ಓದಿ

ನಿಮ್ಮನ್ನು ಹೈಡ್‌ನಲ್ಲಿ, ಅಂದರೆ ಪ್ರಾಣಿಗೆ ಕಾಣದಂತೆ ಅವಿತು ಕೂರುವ ಮರೆಯಲ್ಲಿ, ಕೂರಿಸಿ ಅಪರೂಪದ ವನ್ಯಪ್ರಾಣಿಯೊಂದನ್ನು ಖಚಿತವಾಗಿ ತೋರಿಸುತ್ತೇವೆ, ನೀವು ತೆಗೆದ ಚಿತ್ರಗಳನ್ನು ಅದೇ ದಿನ ಸುಧಾರಿಸಿಯೂ ಕೊಡುತ್ತೇವೆ ಎಂದು ಯಾರಾದರೂ ಎರಡನ್ನೂ ಒಂದೇ ಮೊತ್ತಕ್ಕೆ ಸೇರಿಸಿ ಹೇಳಿದರೆ, ದಯವಿಟ್ಟು ಹಣ ಕಟ್ಟುವ ಮುನ್ನ ಈ ಬರಹವನ್ನು ಪೂರ್ತಿಯಾಗಿ ಓದಿ. ಅಂಥ ಒಂದು ಏರ್ಪಾಡಿನಲ್ಲಿ ನನಗಾದ ಅನುಭವವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಆ ಪ್ರಾಣಿ ಮೈತುಂಬ ಚುಕ್ಕೆಗಳಿರುವ ಒಂದು ಕಾಡುಬೆಕ್ಕು ಎಂಬುದನ್ನು ಬಿಟ್ಟರೆ, ಅದರ ಜಾತಿಯನ್ನಾಗಲಿ ಸ್ಥಳವನ್ನಾಗಲಿ ಹೇಳುವುದಿಲ್ಲ. ಹೇಳಿದರೆ ಈ ಎಚ್ಚರಿಕೆಯೇ ಜಾಹೀರಾತಾಗಿ ಇನ್ನಷ್ಟು ಜನ ಅಲ್ಲಿಗೆ ಹೋಗುತ್ತಾರೆ, ಮತ್ತು ಹಾಗೆ ಹೋಗುವವರೆಲ್ಲರ ಕೈಯಲ್ಲಿ ಕ್ಯಾಮೆರಾ ಮಾತ್ರವೇ ಇರುತ್ತದೆಂದು ನಂಬುವಂತಿಲ್ಲ.

ನನ್ನನ್ನು ಕೂರಿಸಿದ ಹೈಡ್ ನೆಲವನ್ನು ಅಗೆದು ಕಟ್ಟಿದ ತಗ್ಗಿನ ಕೋಣೆ. ಅದರ ಮುಂಭಾಗಕ್ಕೆ ಒಳಗಿನಿಂದ ಮಾತ್ರ ಹೊರಗು ಕಾಣುವ ಗಾಜು. ಗಾಜಿನಾಚೆ ಒಂದು ಹಾಸುಬಂಡೆ. ಸಂಜೆ ಅವರು ಹೇಳಿದ ಹೊತ್ತಿಗೆ ಸರಿಯಾಗಿ, ಅವರು ಹೇಳಿದ ದಿಕ್ಕಿನಿಂದಲೇ ಪ್ರಾಣಿ ಬಂದು, ‘ಇಲ್ಲಿಗೆ ಫೋಕಸ್ ಇಟ್ಟುಕೊಳ್ಳಿ’ ಎಂದು ಮೊದಲೇ ತೋರಿಸಿದ್ದ ಬಂಡೆಯಂಚಿನಲ್ಲೇ ನಿಂತಿತು. ನಡೆಸುವವರು ಹೊರಗಿನ ಬಾಗಿಲು ಎಳೆದುಕೊಂಡ ಸದ್ದಿಗೆ ಅದು ಬೆದರಲಿಲ್ಲ. ಕಿವಿ ನಿಮಿರಿಸಿಕೊಂಡು ಇನ್ನೂ ಹತ್ತಿರಕ್ಕೆ ಬಂತು. ಮರಸು ಕೂತು ಕಾದವರಿಗೆ ಗೊತ್ತಿರುವಂತೆ, ಕಾಡಿನ ಬೆಕ್ಕು ಮನುಷ್ಯರ ಸದ್ದಿಗೆ ಮರೆಯಾಗುತ್ತದೆಯೇ ಹೊರತು ಮುಂದಕ್ಕೆ ಬರುವುದಿಲ್ಲ. ಕೇಳಿದ್ದಕ್ಕೆ ‘ಇದು ಅದರ ದಿನನಿತ್ಯದ ದಾರಿ’ ಎಂಬ ಉತ್ತರ ಸಿಕ್ಕಿತು.

ಆ ಸದ್ದಿಗೂ ಊಟಕ್ಕೂ ಇದ್ದ ನಂಟು ತಿಳಿದದ್ದು ಮೂಲ ಫೈಲ್‌ಗಳನ್ನು ದೊಡ್ಡ ಪರದೆಯ ಮೇಲೆ ನೂರು ಪ್ರತಿಶತಕ್ಕೆ ಹಿಗ್ಗಿಸಿ ನೋಡಿದಾಗ. ಬಂಡೆಯ ಬಲಬದಿಯ ಹುಲ್ಲಿನ ಮರೆಯಲ್ಲಿ ಒಂದು ಮೊಲವಿತ್ತು. ಅದರ ಹಿಂಗಾಲಿಗೆ ಬಿಗಿದಿದ್ದ ತೆಳುವಾದ ನೈಲಾನ್ ಹಗ್ಗ ನೆಲಕ್ಕೆ ಹೊಡೆದ ಗೂಟದವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಸುಧಾರಿಸಿ ಕೊಟ್ಟಿದ್ದ ಅದೇ ಚಿತ್ರದಲ್ಲಿ ಹಗ್ಗವಿರಲಿಲ್ಲ, ಗೂಟವಿದ್ದ ಜಾಗದಲ್ಲಿ ಹುಲ್ಲಿನ ಒಂದು ಪೊದೆ ಬೆಳೆದು ನಿಂತಿತ್ತು.

1900ರಲ್ಲಿ ಇಂಗ್ಲೆಂಡಿನ ಕೀರ್ಟನ್ ಸಹೋದರರು ಹಕ್ಕಿಗಳ ಚಿತ್ರ ತೆಗೆಯಲು ಪೊಳ್ಳಾದ ಎತ್ತಿನ ಬೊಂಬೆಯೊಳಗೆ ಅವಿತು ಕೂತ ಕಾಲದಿಂದಲೂ ಹೈಡ್‌ನ ಉದ್ದೇಶ ಒಂದೇ ಆಗಿದೆ: ಮನುಷ್ಯ ಇದ್ದಾನೆಂಬುದು ತಿಳಿಯದೆ ಪ್ರಾಣಿ ತನ್ನ ಪಾಡಿಗೆ ತಾನಿರಬೇಕು. ಆಮಿಷವಿಟ್ಟು ನಡೆಸುವ ಹೈಡ್ ಈ ಉದ್ದೇಶವನ್ನೇ ತಲೆಕೆಳಗು ಮಾಡುತ್ತದೆ. ಬಾಗಿಲಿನ ಸದ್ದು, ವಾಹನದ ಸದ್ದು, ಮನುಷ್ಯನ ವಾಸನೆ ಇವೆಲ್ಲ ಪ್ರಾಣಿಗೆ ಊಟದ ಸೂಚನೆಗಳಾಗಿಬಿಟ್ಟರೆ ಅದು ಮುಂದೆ ರಸ್ತೆಗೂ ಕೊಟ್ಟಿಗೆಗೂ ಹಿಂಜರಿಯದೆ ಬರುತ್ತದೆ, ಮತ್ತು ಹಾಗೆ ಬಂದ ಮಾಂಸಾಹಾರಿ ಬಹಳ ದಿನ ಬದುಕಿ ಉಳಿಯುವುದಿಲ್ಲ. ಸಂಖ್ಯೆ ಈಗಾಗಲೇ ಕುಸಿದಿರುವ ಜಾತಿಯಲ್ಲಿ ಅಂಥ ಒಂದೊಂದು ಸಾವೂ ಭಾರವಾದದ್ದು.

ಇನ್ನು ಗಾಜಿನ ವಿಷಯ. ಒಮ್ಮುಖ ಗಾಜಿನ ಲೇಪವು ಸಾಮಾನ್ಯವಾಗಿ ಒಂದರಿಂದ ಎರಡು ಸ್ಟಾಪ್‌ಗಳಷ್ಟು ಬೆಳಕನ್ನು ನುಂಗುತ್ತದೆ. ಒಂದು ಸ್ಟಾಪ್ ಎಂದರೆ ಬೆಳಕಿನ ಅರ್ಧ ಭಾಗ. ಆದ್ದರಿಂದ ಬಯಲಲ್ಲಿ 3200 ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಸಾಕಾಗುವ ಹೊತ್ತಿನಲ್ಲಿ ಗಾಜಿನ ಹಿಂದೆ ಕೂತವರು, ಅದೇ ಶಟರ್ ವೇಗ ಬೇಕೆಂದರೆ, 6400ಕ್ಕೋ 12800ಕ್ಕೋ ಏರಬೇಕಾಗುತ್ತದೆ. ಲೆನ್ಸನ್ನು ಗಾಜಿಗೆ ನೇರವಾಗಿ ಹಿಡಿಯದೆ ಓರೆಯಾಗಿ ತಿರುಗಿಸಿದರೆ ಅಂಚುಗಳು ಮಸುಕಾಗುತ್ತವೆ, ಹೊಳೆಯುವ ವಸ್ತುಗಳಿಗೆ ಜೋಡಿನೆರಳು ಮೂಡುತ್ತದೆ. ಜಾಹೀರಾತಿನಲ್ಲಿ ಗಾಜಿನ ಸುದ್ದಿಯೇ ಇರಲಿಲ್ಲ. ಏರಿದ ಐಎಸ್‌ಒದಿಂದ ಚಿತ್ರಗಳಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಮಚ್ಚೆಗಳು, ತುಂಬಿಕೊಂಡಿದ್ದಕ್ಕೆ ನಾನು ಆಕ್ಷೇಪಿಸಿದಾಗ, ‘ಅದಕ್ಕೇ ಅಲ್ಲವೇ ಸುಧಾರಣೆ ಇರುವುದು, ಕಾರ್ಡ್ ಕೊಡಿ’ ಎಂದರು. ಕಾರ್ಡನ್ನು ಮರಳಿಸಿದಾಗ ಅದು ಫಾರ್ಮ್ಯಾಟ್ ಆಗಿತ್ತು. ರಾ ಫೈಲ್‌ಗಳ, ಅಂದರೆ ಕ್ಯಾಮೆರಾ ದಾಖಲಿಸಿದ ಸಂಸ್ಕರಿಸದ ಮೂಲಗಳ, ಬದಲು ಸಂಸ್ಕರಿಸಿ ಕುಗ್ಗಿಸಿದ ಜೆಪೆಗ್‌ಗಳಿದ್ದ ಒಂದು ಪೆನ್‌ಡ್ರೈವ್ ಕೈಗಿತ್ತರು. ಕ್ಯಾಮೆರಾ ಎರಡನೆಯ ಕಾರ್ಡಿಗೂ ಏಕಕಾಲಕ್ಕೆ ಬರೆಯುವಂತೆ ಇಟ್ಟಿದ್ದರಿಂದ ಮೂಲಗಳು ನನ್ನಲ್ಲಿ ಉಳಿದವು. ಇಲ್ಲದಿದ್ದರೆ ಈ ಬರಹಕ್ಕೆ ಆಧಾರವೇ ಇರುತ್ತಿರಲಿಲ್ಲ.

ಮೊದಲ ನೋಟಕ್ಕೆ ಆ ಜೆಪೆಗ್‌ಗಳು ಮನಸೆಳೆಯುವಂತಿದ್ದವು. ಒಂದೊಂದು ಕೂದಲೂ ಎಣಿಸಬಹುದಾದಷ್ಟು ಚೂಪಾಗಿತ್ತು. ಆದರೆ ಎಡಭುಜದ ಮೇಲೆ ಮೂಲದಲ್ಲಿ ಬಿಡಿಬಿಡಿಯಾಗಿದ್ದ ಮೂರು ಚುಕ್ಕೆಗಳು ಇಲ್ಲಿ ಕೂಡಿಕೊಂಡು ಬಳೆಯಾಗಿದ್ದವು. ನೆರಳಿನಲ್ಲಿದ್ದ ತೊಡೆಯ ಮೇಲೆ ಮೂಲದಲ್ಲಿ ಮಸುಕು ಬಿಟ್ಟರೆ ಏನೂ ಇಲ್ಲದ ಕಡೆ ಅಚ್ಚುಕಟ್ಟಾದ ಚುಕ್ಕೆಗಳ ಸಾಲು ಮೂಡಿತ್ತು. ಕೃತಕ ಬುದ್ಧಿಮತ್ತೆಯ ನಾಯ್ಸ್ ನಿವಾರಕಗಳು ಅಸಂಖ್ಯ ಚಿತ್ರಗಳಿಂದ ತುಪ್ಪಳ ಸಾಮಾನ್ಯವಾಗಿ ಹೇಗಿರುತ್ತದೆಂದು ಕಲಿತಿರುತ್ತವೆ. ವಿವರ ನಾಯ್ಸ್‌ನಲ್ಲಿ ಹೂತುಹೋದ ಕಡೆ, ಬಿಗಿಯಾಗಿ ಬಳಸಿದಾಗ, ಇದ್ದಿರಬಹುದಾದದ್ದನ್ನು ತಾವೇ ಬರೆದುಬಿಡುತ್ತವೆ. ಇದನ್ನು ಕಂಡುಹಿಡಿಯಲು ನನಗೆ ಗೊತ್ತಿರುವ ಅತ್ಯಂತ ನಂಬಲರ್ಹ ಉಪಾಯವೆಂದರೆ ಒಂದೇ ಬರ್ಸ್ಟ್‌ನ (ಗುಂಡಿ ಒತ್ತಿ ಹಿಡಿದು ಸರಸರನೆ ತೆಗೆದ ಸರಣಿಯ) ಒಂದರ ಹಿಂದೊಂದು ಬಂದ ಚೌಕಟ್ಟುಗಳನ್ನು ಅಕ್ಕಪಕ್ಕ ಇಡುವುದು. ಪ್ರಾಣಿಯ ಮೈಮೇಲೆ ನಿಜವಾಗಿಯೂ ಇರುವ ಚುಕ್ಕೆ ಮುಂದಿನ ಚೌಕಟ್ಟಿನಲ್ಲೂ ಅದೇ ಆಕಾರದಲ್ಲಿ ಇರುತ್ತದೆ. ತಂತ್ರಾಂಶ ಬರೆದ ಚುಕ್ಕೆ ಪ್ರತಿ ಚೌಕಟ್ಟಿನಲ್ಲೂ ಬೇರೆ ಬೇರೆ ರೂಪ ತಾಳುತ್ತದೆ. ನನಗೆ ಕೊಟ್ಟ ಚಿತ್ರಗಳಲ್ಲಿ ತೊಡೆಯ ಆ ಸಾಲು ಒಂದರಲ್ಲಿ ನಾಲ್ಕು ಚುಕ್ಕೆ, ಮುಂದಿನದರಲ್ಲಿ ಆರು. ಮೀಸೆಗಳನ್ನೂ ನೋಡಿ: ಕೃತಕವಾದವು ಕೆನ್ನೆಯಿಂದ ಹೊರಡದೆ ಗಾಳಿಯಲ್ಲೇ ಶುರುವಾಗುತ್ತವೆ.

ಇದು ಬರಿಯ ಅಂದಚಂದದ ಪ್ರಶ್ನೆಯಲ್ಲ. ಹುಲಿಯ ಪಟ್ಟೆಗಳಂತೆ, ಚಿರತೆಯ ಚುಕ್ಕೆಗಳಂತೆ ಈ ಬೆಕ್ಕಿನ ಗುರುತುಗಳೂ ಒಂದೊಂದು ಜೀವಕ್ಕೆ ಒಂದೊಂದು ಬಗೆ, ಎಡ ಬಲ ಪಕ್ಕಗಳಲ್ಲೂ ಬೇರೆ. ಪ್ರಾಣಿ ಹಾದಾಗ ತಾವೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳಿಂದ ಎಣಿಕೆ ಮಾಡುವವರು ನಂಬುವುದು ಆ ಗುರುತುಗಳನ್ನೇ. ಮೂಲಗಳನ್ನು ಹೋಲಿಸಿ ನೋಡುವ ಮೊದಲೇ ಒಂದು ಚಿತ್ರವನ್ನು ಆ ಪ್ರಾಣಿಗಳನ್ನು ಗಮನಿಸುತ್ತಿರುವ ಸಂಶೋಧಕರಿಗೆ ಕಳಿಸಿದ್ದೆ. ದಾಖಲೆಯಲ್ಲಿರುವ ಯಾವುದಕ್ಕೂ ಹೊಂದುತ್ತಿಲ್ಲ, ಹೊಸ ಪ್ರಾಣಿಯಿರಬಹುದು ಎಂಬ ಉತ್ಸಾಹದ ಉತ್ತರ ಬಂತು. ರಾ ಫೈಲ್ ಕಳಿಸಿದ ಮೇಲೆ ಅದು ಅವರಿಗೆ ಮೊದಲೇ ಗೊತ್ತಿದ್ದ ಹೆಣ್ಣು ಎಂದು ತಿಳಿಯಿತು. ಇಲ್ಲದ ಪ್ರಾಣಿಯೊಂದು ಎಣಿಕೆಗೆ ಸೇರುವುದು ಎಷ್ಟು ಸಮೀಪದಲ್ಲಿತ್ತೆಂದು ನೆನೆದರೆ ನನಗೆ ಈಗಲೂ ಕಳವಳವಾಗುತ್ತದೆ.

ಸ್ಪರ್ಧೆಗೆ ಕಳಿಸುವ ಆಸೆಯಿದ್ದವರು ಇನ್ನೂ ಒಂದು ಸಂಗತಿ ತಿಳಿದಿರಬೇಕು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರ ಅಗ್ರ ಬಹುಮಾನ ಪಡೆದ, ಬೇಲಿ ಹಾರುವ ತೋಳದ ಚಿತ್ರವನ್ನು, ಅದು ಪಳಗಿಸಿದ ತೋಳವಿರಬೇಕೆಂದು ತೀರ್ಮಾನಿಸಿ 2010ರ ಜನವರಿಯಲ್ಲಿ ಅನರ್ಹಗೊಳಿಸಲಾಯಿತು. 2017ರಲ್ಲಿ ಬಹುಮಾನಿತವಾದ ಇರುವೆಭಕ್ಷಕದ ಚಿತ್ರ, ಪ್ರಾಣಿಯು ಹುಲ್ಲು ತುಂಬಿದ ಬೊಂಬೆಯಿರಬೇಕೆಂಬ ಕಾರಣಕ್ಕೆ ಮರುವರ್ಷ ಅದೇ ಗತಿ ಕಂಡಿತು. ಗಂಭೀರವಾದ ಸ್ಪರ್ಧೆಗಳು ಕೊನೆಯ ಸುತ್ತಿನಲ್ಲಿ ಮೂಲ ಫೈಲ್ ಕೇಳುತ್ತವೆ. ಮೂಲವಿಲ್ಲದ ಚಿತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಹದಿನಾಲ್ಕು ಬಿಟ್‌ನ ರಾ ಫೈಲ್‌ನಲ್ಲಿ ಒಂದೊಂದು ಬಣ್ಣಕ್ಕೆ 16,384 ಹಂತಗಳಿದ್ದರೆ ಜೆಪೆಗ್‌ನಲ್ಲಿರುವುದು 256 ಮಾತ್ರ. ಮುಂದೆಂದಾದರೂ ಪ್ರಾಮಾಣಿಕವಾಗಿ ಸಂಸ್ಕರಿಸಬೇಕೆಂದರೂ ಕೈಯಲ್ಲಿ ಸರಕೇ ಉಳಿದಿರುವುದಿಲ್ಲ.

ನಾಯ್ಸ್ ತಗ್ಗಿಸುವುದನ್ನೇ ನಾನು ವಿರೋಧಿಸುತ್ತಿಲ್ಲ. ಎಕ್ಸ್‌ಪೋಷರ್ ಸರಿಪಡಿಸುವುದು, ವೈಟ್ ಬ್ಯಾಲೆನ್ಸ್ ತಿದ್ದುವುದು, ಹಿನ್ನೆಲೆಗೆ ಹೆಚ್ಚೂ ಮೈಗೆ ಕಡಿಮೆಯೂ ಆಗುವಂತೆ ನಾಯ್ಸ್ ಇಳಿಸುವುದು ಎಲ್ಲರೂ ಮಾಡುವ, ಮಾಡಬೇಕಾದ ಕೆಲಸ. ಮೈಮೇಲಿನ ಗುರುತುಗಳ ವಿಷಯದಲ್ಲಿ ಮಾತ್ರ, ತಪ್ಪು ಚುಕ್ಕೆಗಿಂತ ಸ್ವಲ್ಪ ನಾಯ್ಸ್ ಉಳಿದ ಚುಕ್ಕೆಯೇ ಮೇಲು.

ಹಣ ಮರಳಿಸಿ ಎಂದು ಕೇಳಿದ್ದಕ್ಕೆ, ಎಲ್ಲರೂ ಹೀಗೆಯೇ ಮಾಡುತ್ತಾರೆ, ನಿಮಗೆ ಪ್ರಾಣಿ ಕಂಡಿತಲ್ಲ ಎಂದರು. ಆದ್ದರಿಂದ ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ: ಪ್ರಾಣಿ ಆ ಜಾಗಕ್ಕೆ ಏಕೆ ಬರುತ್ತದೆ, ನೀರಿಗೋ ಇಟ್ಟ ಮಾಂಸಕ್ಕೋ ಕಟ್ಟಿದ ಜೀವಕ್ಕೋ, ಚಿತ್ರ ತೆಗೆಯುವುದು ತೆರೆದ ಕಿಂಡಿಯಿಂದಲೋ ಗಾಜಿನ ಮೂಲಕವೋ, ಪ್ರಾಣಿ ಬಾರದಿದ್ದರೆ ಏನು ಮಾಡುತ್ತಾರೆ. ‘ಬಾರದೆ ಇರುವುದೇ ಇಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಕಾರ್ಡನ್ನು ಯಾರ ಕೈಗೂ ಕೊಡಬೇಡಿ. ಇಂಥ ಸುಧಾರಿತ ಚಿತ್ರಗಳು ಈಗಾಗಲೇ ನಿಮ್ಮಲ್ಲಿದ್ದರೆ ಅವನ್ನು ಯಾವ ಎಣಿಕೆಗೂ ಗುರುತಿನ ದಾಖಲೆಗೂ ಕಳಿಸಬೇಡಿ, ಕಳಿಸಿದ್ದರೆ ಇಂದೇ ತಿಳಿಸಿ. ಯಾರೊಡನೆ ಹಂಚಿಕೊಂಡರೂ ಫೈಲ್‌ನಲ್ಲಿರುವ ಜಿಪಿಎಸ್ ಮಾಹಿತಿಯನ್ನು ಮೊದಲು ಅಳಿಸಿ. ಕಟ್ಟಿಹಾಕಿದ ಜೀವ ಕಂಡುಬಂದರೆ ಆ ಪ್ರದೇಶದ ವನ್ಯಜೀವಿ ಅಧಿಕಾರಿಗಳಿಗೆ ಮೂಲ ಫೈಲ್ ಸಮೇತ ದೂರು ಕೊಡಿ; ನಾನು ಕೊಟ್ಟಿದ್ದೇನೆ, ಹಗ್ಗವಿರುವ ಚೌಕಟ್ಟನ್ನೂ ಹಗ್ಗವಿಲ್ಲದ ಜೆಪೆಗನ್ನೂ ಜೊತೆಯಾಗಿಯೇ ಲಗತ್ತಿಸಿದ್ದೇನೆ.