ಸೆಲ್ ತೆಗೆದರೆ ಪಾಸ್‌ವರ್ಡ್ ಹೋಗುತ್ತೆ ಅಂತ ನಂಬಿ ಕೂರಬೇಡಿ

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಡಿಸೆಂಬರ್ ಕೊನೆಗೆ ಎರಡು ವಾರ ಊರಿಗೆ ಹೊರಟಿದ್ದೆ. ಅದೇ ವಾರ ಪಕ್ಕದ ಅಂಗಡಿ ಬೀಗ ಒಡೆದಿದ್ದರು. ಲ್ಯಾಪ್‌ಟಾಪ್ ಕಳುವಾದರೂ ಒಳಗಿನದು ಯಾರಿಗೂ ಸಿಗಬಾರದು ಅಂತ ಹಿಂದಿನ ರಾತ್ರಿ ಬಯೋಸ್ ಒಳಗೆ ಹೋದೆ. ವಿಂಡೋಸ್‌ಗಿಂತ ಮೊದಲೇ ಶುರುವಾಗುವ, ಮಷೀನಿನ ಮೂಲ ಸೆಟ್ಟಿಂಗ್‌ಗಳಿರುವ ಪ್ರೋಗ್ರಾಂ ಅದು. ಜೊತೆಗೇ ತಗೊಂಡು ಹೋಗಬಹುದಿತ್ತಲ್ವಾ ಅಂತ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಅಲ್ಲಿ ಮೂರು ಪಾಸ್‌ವರ್ಡ್ ಇದ್ದವು. ಸೆಟ್ಟಿಂಗ್ ಮುಟ್ಟಲು ಸೂಪರ್‌ವೈಸರ್, ಆನ್ ಮಾಡಿದ ಕೂಡಲೇ ಕೇಳುವ ಪವರ್ ಆನ್, ಕೊನೆಗೆ ಹಾರ್ಡ್ ಡಿಸ್ಕ್‌ನದು. ಜಾಣತನ ಜಾಸ್ತಿಯಾಗಿ ಮೂರಕ್ಕೂ ಬೇರೆ ಬೇರೆ ಇಟ್ಟೆ. ಗೋಡೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದೆ. ಸಂಕ್ರಾಂತಿ ಮುಗಿಸಿ ಬಂದರೆ ಗೋಡೆ ಮೇಲೆ ಹೊಸ ಕ್ಯಾಲೆಂಡರ್! ಹಳೆಯದನ್ನು ಜೆರಾಕ್ಸ್ ನೋಡಿಕೊಳ್ಳುವ ಹುಡುಗ ರದ್ದಿಗೆ ಹಾಕಿದ್ದ. ಪಾಪ, ಅವನದೇನು ತಪ್ಪು.

ಆಗಲೂ ನನಗೆ ಗಾಬರಿಯಾಗಲಿಲ್ಲ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಸಿಆರ್ 2032 ಅನ್ನೋ ಬಿಲ್ಲೆಯಂಥ 3 ವೋಲ್ಟ್ ಸೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಪಾಸ್‌ವರ್ಡ್ ಮಾಯವಾಗುತ್ತಿತ್ತು. ನಾನೇ ಎಷ್ಟೋ ಸಲ ಮಾಡಿದ್ದೇನೆ. ಇದರಲ್ಲೂ ಸೆಲ್ ತೆಗೆದೆ. ತಾರೀಖು, ಗಂಟೆ ಅಳಿಸಿಹೋಯಿತು. ಪಾಸ್‌ವರ್ಡ್ ಜಗ್ಗಲಿಲ್ಲ.

ರಿಪೇರಿಯವರು ನಕ್ಕರು. "ಅಣ್ಣ, ಇದ್ರಲ್ಲಿ ಪಾಸ್‌ವರ್ಡ್ ಬೇರೆ ಚಿಪ್‌ನಲ್ಲಿರುತ್ತೆ. ಕರೆಂಟ್ ಇಲ್ದಿದ್ರೂ ಅಳಿಸಲ್ಲ. ಮದರ್‌ಬೋರ್ಡೇ ಬದಲಾಯಿಸ್ಬೇಕು." ಬಿಲ್ ತೋರಿಸಿದರೆ ಬಿಡಿಸಿಕೊಡುವ ಕಂಪನಿಗಳಿವೆ. ನನ್ನದು ಸೆಕೆಂಡ್ ಹ್ಯಾಂಡ್, ಬಿಲ್ ಎಲ್ಲಿಂದ ತರಲಿ?

ಬೋರ್ಡ್ ಹಾಳಾಗಲಿ, ಡಿಸ್ಕ್ ಬಿಚ್ಚಿ ಬೇರೆ ಮಷೀನಿಗೆ ಹಾಕೋಣ ಅಂದೆ. ಅಲ್ಲೂ ಅದು ಪಾಸ್‌ವರ್ಡ್ ಕೇಳಿತು. ಹಾರ್ಡ್ ಡಿಸ್ಕ್ ಪಾಸ್‌ವರ್ಡ್ ಲ್ಯಾಪ್‌ಟಾಪಿನಲ್ಲಲ್ಲ, ಡಿಸ್ಕ್‌ನಲ್ಲೇ ಕೂತಿರುತ್ತೆ. ಇದು ನನಗೆ ಗೊತ್ತೇ ಇರಲಿಲ್ಲ. ಐದು ವರ್ಷದ ಲಗ್ನಪತ್ರಿಕೆ ಡಿಸೈನ್‌ಗಳು ಹೋದವು. ಗುಬ್ಬಿಯ ಮದುವೆಯೊಂದರ ಪತ್ರಿಕೆ ಅರ್ಧ ಆಗಿತ್ತು. ಹುಡುಗಿಯ ತಂದೆ ಕಾಯುತ್ತಾ ಕೂತಿದ್ದರು. ಅವರ ವಾಟ್ಸಾಪ್‌ನಲ್ಲಿದ್ದ ಪ್ರೂಫ್ ಫೋಟೋ ನೋಡಿಕೊಂಡು, ಬಂಧುಗಳ ಹೆಸರೆಲ್ಲ ರಾತ್ರಿಯಿಡೀ ಮತ್ತೆ ಕುಟ್ಟಿದೆ.

ಹಾಗಾಗಿ ಹಾರ್ಡ್ ಡಿಸ್ಕ್ ಪಾಸ್‌ವರ್ಡ್ ತಂಟೆಗೆ ಹೋಗಲೇಬೇಡಿ. ಸೂಪರ್‌ವೈಸರ್ ಇಡುವುದಾದರೆ ಬರೆದ ಚೀಟಿ ಮನೆಯ ಬೀರುವಿನಲ್ಲಿರಲಿ. ಕಳ್ಳರ ಭಯಕ್ಕೆ ನಾನೀಗ ಡಿಸ್ಕ್‌ನಲ್ಲಿರುವುದನ್ನು ಬೇರೆಯವರು ಓದದಂತೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದೇನೆ. ಬೀಗ ಸಿಕ್ಕಿಕೊಂಡರೆ ಬಿಡಿಸಲು ಬೇಕಾಗುವ ಅದರ 48 ಅಂಕಿಯ ರಿಕವರಿ ಕೀ ಪ್ರಿಂಟ್ ತೆಗೆದಿಟ್ಟಿದ್ದೇನೆ. ಇದರಲ್ಲೂ ಒಂದು ಕೊಕ್ಕೆ ಇದೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರಿನಿಂದ ಮಾತ್ರ ಮಷೀನ್ ಶುರುವಾಗಲು ಬಿಡುವುದು), ಟಿಪಿಎಂ (ಬೀಗದ ಕೀ ಕಾಪಾಡುವ ಚಿಪ್) ಸೆಟ್ಟಿಂಗ್‌ಗಳನ್ನು ಸುಮ್ನೆ ಬದಲಿಸಿದರೂ ಮುಂದಿನ ಸಲ ಆ 48 ಅಂಕಿ ಕೇಳಬಹುದು. ಮುಟ್ಟುವ ಮೊದಲು ವಿಂಡೋಸ್‌ನಲ್ಲಿ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ, ಅಂದರೆ ಸ್ವಲ್ಪ ಹೊತ್ತು ನಿಲ್ಲಿಸಿಡಿ.

ಬೇರೆ ಲ್ಯಾಪ್‌ಟಾಪ್ ನೋಡಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ಮೊದಲು ತೋರಿಸಿದ್ದು ಹೊಳೆಯುತ್ತಿತ್ತು, ರೇಟೂ ಕಡಿಮೆ. ದುಡ್ಡು ತೆಗೆಯುವ ಮೊದಲು ಆನ್ ಮಾಡಿ, ಬಯೋಸ್‌ಗೆ ಹೋಗಲು ಎಫ್2 ಒತ್ತಿದೆ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿತು. "ಅದೇನೂ ಆಗಲ್ಲ ಸಾರ್, ಸೆಲ್ ತೆಗೆದ್ರೆ ಹೋಗುತ್ತೆ" ಅಂದರು ಅಂಗಡಿಯವರು. ಮುಚ್ಚಿಟ್ಟು ಎದ್ದು ಬಂದೆ.