ಪೂಕ್ಕೊ: ಗೇಣುದ್ದದ ಫಿನ್ಲೆಂಡ್ ಚಾಕು, ನಾಲ್ಕು ವರ್ಷದ ಬಳಕೆಯ ಮೇಲೆ

ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಕತ್ತಿ ಅಂದರೆ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವಂಥದ್ದು. ಒಮ್ಮೆ ಬೀಸಿದರೆ ಕೊಂಬೆ ಬೀಳಬೇಕು. ಹಾಗಾಗಿ ಫಿನ್ಲೆಂಡಿನ ಎಸ್ಪೊ ನಗರಕ್ಕೆ ಬಂದ ಹೊಸದರಲ್ಲಿ ಆಫೀಸಿನವರೊಬ್ಬರು ತಮ್ಮ ಪೂಕ್ಕೊ ತೋರಿಸಿದಾಗ ನಗು ಬಂತು. 'ಇದು ಹಣ್ಣು ಹೆಚ್ಚೋದಕ್ಕಾ?' ಅಂತ ಕೇಳಿಯೂ ಬಿಟ್ಟೆ. ಅವರು ಮಾತಾಡಲಿಲ್ಲ. ಮಳೆಯಲ್ಲಿ ನೆಂದಿದ್ದ ಸೌದೆಯೊಂದನ್ನು ಸೀಳಿ, ಒಳಗಿನ ಒಣ ಭಾಗವನ್ನು ತೆಳ್ಳಗೆ ಸುರುಳಿ ಸುರುಳಿಯಾಗಿ ಹೆರೆದರು. ಒಂದೇ ಕಡ್ಡಿ ಗೀರಿದ್ದು, ಬೆಂಕಿ ಹತ್ತಿತು. ಸೌದೆ ಸೀಳಿದ್ದು ಕೊಡಲಿಯಲ್ಲಿ, ಹೆರೆದದ್ದು ಪೂಕ್ಕೊದಲ್ಲಿ. ಈ ವ್ಯತ್ಯಾಸ ನನ್ನ ತಲೆಗೆ ಹೋಗಲು ಎರಡು ವರ್ಷ ಬೇಕಾಯಿತು.

ನಾನು ಮೊದಲು ಕೊಂಡಿದ್ದು ಮಾರ್ತೀನಿ ಕಂಪನಿಯ ಇಲ್ವೆಸ್. ಇಲ್ವೆಸ್ ಅಂದರೆ ಫಿನ್ನಿಷ್‌ನಲ್ಲಿ ಲಿಂಕ್ಸ್, ಅಲ್ಲಿನ ಕಾಡುಬೆಕ್ಕು. ಕಂಪನಿ 1928ರಲ್ಲಿ ಉತ್ತರದ ರೊವಾನಿಯೆಮಿಯಲ್ಲಿ ಶುರುವಾದದ್ದು. ಅಲಗು 11 ಸೆಂಟಿಮೀಟರ್, ತುಕ್ಕು ಹಿಡಿಯದ ಉಕ್ಕು. ಹಿಡಿ ವೀಸಕೋಯಿವುದು, ಅಂದರೆ ಒಳಗೆ ಕಂದು ಸುಳಿಗಳಿರುವ ಬರ್ಚ್ ಮರದ್ದು. ಅಷ್ಟೇ. ಗರಗಸದ ಹಲ್ಲಿಲ್ಲ, ರಬ್ಬರ್ ಹಿಡಿ ಇಲ್ಲ, ಬೆರಳು ಅಲಗಿನತ್ತ ಜಾರದಂತೆ ತಡೆಯುವ ಅಡ್ಡಪಟ್ಟಿಯೂ ಇಲ್ಲ.

ಅಡ್ಡಪಟ್ಟಿ ಇಲ್ಲದ್ದಕ್ಕೆ ಹೊಸಬರು ಗೊಣಗುತ್ತಾರೆ. ನಾನೂ ಗೊಣಗಿದ್ದೆ, ಬೆರಳೂ ಕೊಯ್ದುಕೊಂಡಿದ್ದೆ. ಆದರೆ ಅದು ಚುಚ್ಚುವ ಚಾಕು ಅಲ್ಲ, ಹೆರೆಯುವ ಚಾಕು. ಸಣ್ಣ ಕೆಲಸಕ್ಕೆ ಬೆರಳನ್ನು ಅಲಗಿನ ಬುಡದವರೆಗೂ ತರಬೇಕಾಗುತ್ತದೆ. ಪಟ್ಟಿ ಇದ್ದಿದ್ದರೆ ಅದೇ ಅಡ್ಡಿ.

ನಿಜವಾಗಿ ಮೆಚ್ಚಿಕೊಂಡಿದ್ದು ಒರೆಯನ್ನು. ಇಲ್ಲಿನವರು ಅದಕ್ಕೆ 'ತುಪ್ಪಿ' ಅನ್ನುತ್ತಾರೆ, ನನ್ನ ಹೆಂಡತಿಗೆ ಪ್ರತಿಸಲ ತುಪ್ಪ ಅಂತಲೇ ಕೇಳಿಸುತ್ತದೆ. ಗುಂಡಿ ಇಲ್ಲ, ಪಟ್ಟಿ ಇಲ್ಲ. ಚಾಕುವಿನ ಹಿಡಿಯೂ ಅರ್ಧಕ್ಕಿಂತ ಜಾಸ್ತಿ ಚರ್ಮದೊಳಗೆ ಇಳಿಯುತ್ತದೆ, ಆ ಬಿಗಿಯೇ ಹಿಡಿದಿಡುತ್ತದೆ. ದಪ್ಪ ಕೈಗವಸು ಹಾಕಿಕೊಂಡಾಗ ಗುಂಡಿ ಬಿಚ್ಚಿ ನೋಡಿ, ಆಗ ಇದರ ಬೆಲೆ ಗೊತ್ತಾಗುತ್ತದೆ. ಬೆಲ್ಟಿನಿಂದ ಕೆಳಗೆ ಜೋತುಬೀಳುವುದರಿಂದ ಕೂತಾಗ ಹೊಟ್ಟೆಗೆ ತಿವಿಯುವುದಿಲ್ಲ. ನಡೆಯುವಾಗ ತೊಡೆಗೆ ಬಡಿಯುತ್ತದೆ ಅನ್ನೋದು ಮಾತ್ರ ನಿಜ. ನಾನು ಪ್ಯಾಂಟಿನ ಹಿಂದಿನ ಜೇಬಿಗೆ ತೂರಿಸಿಕೊಳ್ಳುತ್ತೇನೆ.

ಎರಡನೆಯದು ಬೇಸಿಗೆ ಸಂತೆಯಲ್ಲಿ ಒಬ್ಬ ಕಮ್ಮಾರನ ಹತ್ತಿರ ಕೊಂಡದ್ದು. ಕಾರ್ಬನ್ ಉಕ್ಕು, ಬರ್ಚ್ ತೊಗಟೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಮಾಡಿದ ಹಿಡಿ. ಮೈನಸ್ 15ರಲ್ಲಿ ಬರಿಗೈಯಲ್ಲಿ ಹಿಡಿದರೂ ತಣ್ಣಗನಿಸುವುದಿಲ್ಲ. ಮೀನು ಸೀಳುವಾಗ ಲೋಳೆ ಮೆತ್ತಿಕೊಂಡರೂ ಜಾರುವುದಿಲ್ಲ. ಹಿಡಿಯ ವಿಷಯದಲ್ಲಿ ಇದಕ್ಕೇ ನನ್ನ ಓಟು. ಆದರೆ ಒಂದು ರಾತ್ರಿ ಒದ್ದೆ ಒರೆಯಲ್ಲೇ ಬಿಟ್ಟೆ, ಬೆಳಿಗ್ಗೆ ಅಲಗಿನ ತುಂಬ ಕೆಂಪು ಚುಕ್ಕೆ. ಆಮೇಲೊಂದು ದಿನ ಸೌದೆಯ ಮೇಲಿಟ್ಟು ದಿಮ್ಮಿಯಿಂದ ಬಡಿದು ಸೀಳಲು ಹೋದೆ, ಹಿಡಿ ಲಟಲಟ ಅನ್ನತೊಡಗಿತು. ಪೂಕ್ಕೊದ ಹಿಡಿಯೊಳಗೆ ಹೋಗುವುದು ಅಲಗಿನದೇ ಸಣ್ಣ ಬಾಲ, ಬಡಿತಕ್ಕಾಗಿ ಮಾಡಿದ್ದಲ್ಲ. ಕಮ್ಮಾರನದ್ದೇನೂ ತಪ್ಪಿಲ್ಲ, ಎರಡೂ ನನ್ನದೇ ಅವಾಂತರ. ಅಡುಗೆಮನೆಯ ಎಣ್ಣೆ ಎರಡು ಹನಿ ಸವರಿಡುವವರಾದರೆ ಮಾತ್ರ ಕಾರ್ಬನ್ ಕೊಳ್ಳಿ.

ಮಸೆಯುವುದು ಬಲು ಸುಲಭ. ಅಲಗಿನ ಬಾಯಿಯ ಇಳಿಜಾರು ಎರಡೂ ಕಡೆ ಅಗಲವಾಗಿ, ಸಮತಟ್ಟಾಗಿರುತ್ತದೆ. ಅದನ್ನು ಹಾಗೇ ಕಲ್ಲಿನ ಮೇಲೆ ಮಲಗಿಸಿ ಉಜ್ಜಿದರೆ ಆಯಿತು, ಎಷ್ಟು ಓರೆ ಹಿಡಿಯಬೇಕೆಂಬ ಅಂದಾಜು ಬೇಡ.

ಕೌಹಾವ ಊರಿನ ಕುದುರೆತಲೆ ಹಿಡಿಯ ಪೂಕ್ಕೊಗಳು ನೋಡಲು ಚಂದ. ಅವು ಗೋಡೆಗೆ ಸರಿ. ನನ್ನ ಪಕ್ಕದ ಮನೆಯ ಫಿನ್ನಿಷ್ ಅಜ್ಜನಂತೂ ಕೆಲಸಕ್ಕೆ ಸ್ವೀಡನ್ನಿನ ಅಗ್ಗದ ಮೋರಾ ಚಾಕು ಸಾಕು ಅನ್ನುತ್ತಾರೆ, ತಮ್ಮ ಪೂಕ್ಕೊವನ್ನು ಮಾತ್ರ ಯಾರಿಗೂ ಕೊಡುವುದಿಲ್ಲ!

ಹೊಸಬರಿಗೆ ಒಂದು ಮಾತು. ಇಲ್ಲಿ ಸರಿಯಾದ ಕಾರಣವಿಲ್ಲದೆ ಊರೊಳಗೆ ಚಾಕು ಇಟ್ಟುಕೊಂಡು ಓಡಾಡುವಂತಿಲ್ಲ. ನೂಕ್ಸಿಯೊ ಕಾಡಿಗೆ ಹೋಗುವಾಗ ಬಸ್ಸಿನಲ್ಲಿ ನಾನು ಬ್ಯಾಗಿನ ತಳಕ್ಕೆ ಹಾಕಿರುತ್ತೇನೆ. ಹಸಿ ಕೊಂಬೆಗೂ ಕೈ ಹಾಕಬೇಡಿ, ಬೆಂಕಿ ಹಾಕುವ ಜಾಗಗಳಲ್ಲಿ ಸೌದೆ ಇಟ್ಟಿರುತ್ತಾರೆ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಇಲ್ವೆಸ್ ಕೈಗೆ ಕೊಟ್ಟೆ. ಹೆಬ್ಬೆರಳನ್ನು ಅಲಗಿನ ಬಾಯಿಗೆ ಅಡ್ಡವಾಗಿ ಸವರಿ, 'ಹರಿತ ಇದೆ, ತೂಕವೇ ಇಲ್ಲವಲ್ಲೋ' ಅಂದರು. ಆಮೇಲೆ ಎರಡು ತಿಂಗಳು ಅದು ಅವರ ಕೈಬಿಡಲಿಲ್ಲ. ಅಣಬೆ ಕೊಯ್ದರು, ಬರ್ಚ್ ತುಂಡಿನಿಂದ ಅಮ್ಮನಿಗೊಂದು ಸೌಟು ಕೆತ್ತಿದರು. ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ತೂಕ ನೋಡಲು ತೆರೆದರೆ, ಪಂಚೆಯ ಮಡಿಕೆಯೊಳಗೆ ಒರೆ ಸಮೇತ ಇಲ್ವೆಸ್. ಚೆಕ್-ಇನ್ ಬ್ಯಾಗು ತಾನೇ, ಸುಮ್ನೆ ಮುಚ್ಚಿಟ್ಟೆ. ಈಗ ಇನ್ನೊಂದು ಇಲ್ವೆಸ್ ಹುಡುಕುತ್ತಿದ್ದೇನೆ.